ಮೊಟ್ಟೆ ಎಷ್ಟು ಎಂದು ಕೇಳಬೇಡಿ

ನವೆಂಬರ್ ೨೬, ೨೦೦೭

ಇವತ್ತು 'ತಂತ್ರಜಗಲಿ'ಯಲ್ಲಿ ಒಂದು ಪ್ರಕಟಣೆ ನೋಡಿದೆ. ಕನ್ನಡದ ಕಂಪ್ಯೂಟರ್ ಹುಚ್ಚಿನವರೆಲ್ಲ ಸೇರಿ ಚರ್ಚೆ ಮಾಡುವ ಆ ತಾಣದಲ್ಲಿ ದಿನಾ ಏನಾದರೊಂದು ಹೊಸ ತಂತ್ರಾಂಶ ಬಿಡುಗಡೆಯಾಗುತ್ತಲೇ ಇರುತ್ತದೆ. ಈ ಸಲದ್ದು ನಮ್ಮ ಬುಡಕ್ಕೇ ಬಂದಿದೆ. ಬೆಂಗಳೂರಿನ ಮೂವರು ಸೇರಿ ರೇಷ್ಮೆ ಸಾಕುವವರಿಗೆಂದು 'ಹುಳುಮನೆ' ಎಂಬುದನ್ನು ಮಾಡಿದ್ದಾರಂತೆ. ಎಷ್ಟು ಮೊಟ್ಟೆ ಸಾಕುತ್ತೀರಿ, ಮರಿಹುಳು ಯಾವತ್ತು ಮನೆಗೆ ಬಂತು ಎಂದು ತುಂಬಿದರೆ ಸಾಕು. (ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆ ಸೇರಿದರೆ ನಮ್ಮವರ ಲೆಕ್ಕದಲ್ಲಿ 'ಒಂದು ಮೊಟ್ಟೆ'.) ದಿನಕ್ಕೆ ಎಷ್ಟು ಸೊಪ್ಪು ಬೇಕು, ಹುಳು ಯಾವತ್ತು ಹಣ್ಣಾಗುತ್ತದೆ, ಹಣ್ಣಾದ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಎಷ್ಟು ಬೇಕು, ಎಲ್ಲವನ್ನೂ ಅದೇ ಲೆಕ್ಕ ಹಾಕುತ್ತದಂತೆ. ಪೂರ್ತಿ ಉಚಿತ. ಕೊನೆಯಲ್ಲಿ, 'ಇನ್ನೂ ಪರೀಕ್ಷೆಯ ಹಂತದಲ್ಲಿದೆ, ದಯವಿಟ್ಟು ರಚನಾತ್ಮಕ ಅಭಿಪ್ರಾಯ ತಿಳಿಸಿ.'

ರಚನಾತ್ಮಕ. ಕಟ್ಟಡ ಅವರದು, ಜಾಗ ನಮ್ಮದು, ನಾವು ಹೋಗಿ ಇಟ್ಟಿಗೆ ಹೊರಬೇಕು. ಉಚಿತವಾಗಿ ಬಂದದ್ದು ಯಾವುದೂ ಉಚಿತವಲ್ಲ ಎಂಬುದನ್ನು ಬಿತ್ತನೆ ಬೀಜದ ಕಂಪನಿಗಳ ವಿರುದ್ಧದ ಕಿರುಹೊತ್ತಿಗೆಯಲ್ಲಿ ಕೆಂಪು ಗೆರೆ ಎಳೆದು ಓದಿದ್ದೇನೆ. 'ಕಿಡಿ' ಎಂಬ ಹೆಸರಿನಲ್ಲಿ ಏಳು ಪ್ಯಾರಾ ಬರೆದೆ. ಬಂಡವಾಳ, ಹುನ್ನಾರ, ರೈತನ ಬೆವರು ಎಲ್ಲವೂ ಬಂತು.

ಸೈಬರ್ ಸೆಂಟರಿನ ಮಾಲೀಕ ಖಾಸಿಂ ಅಣ್ಣ ಬಂದು ಹಿಂದೆ ನಿಂತರು.

"ಏನಮ್ಮಾ ಧನು, ಹೊರಗೆ ಹಾಲ್ ಟಿಕೆಟ್‌ಗೆ ಜನ ನಿಂತವ್ರೆ. ನೀನು ಯಾರ ಮೇಲಮ್ಮಾ ಯುದ್ಧ ಸಾರಿರೋದು?"

"ಯುದ್ಧ ಅಲ್ಲ ಅಣ್ಣ, ಅಭಿಪ್ರಾಯ."

"ಅಭಿಪ್ರಾಯಕ್ಕೆ ಕೀಬೋರ್ಡ್ ಇಷ್ಟು ಜೋರಾಗಿ ಕುಟ್ಟಬೇಕಾ? ಹೋದ ತಿಂಗಳಷ್ಟೇ ಹಾಕ್ಸಿರೋದು."

ಚನ್ನಪಟ್ಟಣದಿಂದ ಬಸ್ಸಿಳಿದು ಮನೆಗೆ ಬಂದರೆ ಅಂಗಳದಲ್ಲಿ ಅಶ್ವಥ್‌ನ ಬೈಕು. ಹೆದ್ದಾರಿ ಪಕ್ಕದ ಜಮೀನುಗಳನ್ನು ಕಾರ್ಖಾನೆಗಳಿಗೆ ಹಿಡಿದುಕೊಡುವುದೇ ಅವನ ಕಸುಬು. ಗಾರ್ಮೆಂಟ್ಸ್‌ನವರ ಗೋದಾಮಿಗೆ ದೊಡ್ಡವ್ವನ ಹಿಪ್ಪುನೇರಳೆ ತೋಟದ ಮೇಲೆ ಕಣ್ಣು. ನಾನು ಒಳಗೆ ಹೋದ ಕೂಡಲೇ ಅಪ್ಪನ ಮಾತು ನಿಂತಿತು.

ನವೆಂಬರ್ ೨೮

ಉತ್ತರ ಬಂದಿದೆ. ಮೊದಲು ಮನೋಹರ್ ಎಂಬ ಹಳೆಯ ಸದಸ್ಯ: 'ಕಿಡಿಯವರೇ, ಭಾಷಣ ಚೆನ್ನಾಗಿತ್ತು ಸಾರ್. ಚಪ್ಪಾಳೆ ಮುಗಿದ ಮೇಲೆ ತಂತ್ರಾಂಶದ ಬಗ್ಗೆಯೂ ಒಂದು ಮಾತು ಹೇಳಿ.' ನನ್ನನ್ನು ಗಂಡಸು ಅಂದುಕೊಂಡಿದ್ದಾರೆ. ಇರಲಿ.

ಆಮೇಲೆ ಅದನ್ನು ಮಾಡಿದವರಲ್ಲಿ ಒಬ್ಬ, ಚೈತನ್ಯ: 'ನಿಮ್ಮ ಬರಹವನ್ನು ಎರಡು ಸಲ ಓದಿದೆವು. ಬಳಸಿ ನೋಡಿದಿರಾ? ನೀವು ಏನು ಮಾಡಿದಿರಿ, ಏನಾಯಿತು, ಏನಾಗಬೇಕಿತ್ತು ಎಂದು ತಿಳಿಸಿದರೆ ತಿದ್ದಲು ಸುಲಭ.'

ಕೋಪವೇ ಇಲ್ಲ. ಇಂಥವರನ್ನು ನಂಬಬಾರದು. ಬೈದರೂ ತಿರುಗಿ ಬಯ್ಯದೆ ಇರುವವರಿಗೆ ಬೇರೇನೋ ಬೇಕಾಗಿರುತ್ತದೆ.

ಬಳಸಿ ನೋಡಿರಲಿಲ್ಲ ಎಂಬುದು ನಿಜ. ಆದರೆ ಅದು ಮುಖ್ಯವಲ್ಲ.

ಡಿಸೆಂಬರ್ ೩

ದೊಡ್ಡವ್ವ ಮರಿಹುಳು ಬೆಳೆಸಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ, ಮರಿಗಳನ್ನು ಆಟೋದಲ್ಲಿ ತಂದಿಳಿಸಿದಳು. ದೊಡ್ಡಪ್ಪ ಹೋದ ಮೇಲೆ ಇದು ಅವಳೊಬ್ಬಳೇ ಮಾಡುತ್ತಿರುವ ಮೂರನೇ ಬೆಳೆ. ಹಿಂದಿನ ಎರಡೂ ಹಾಲುತೊಂಡೆ ರೋಗ ಬಿದ್ದು ತಿಪ್ಪೆಗೆ ಹೋದವು. ತೋಟದ ಖಾತೆ ಅಣ್ಣತಮ್ಮಂದಿರ ಹೆಸರಿಗೆ ಜಂಟಿ, ಈಗ ಅಪ್ಪನ ಮಾತೇ ಕೊನೆ. ಅಪ್ಪ ಜನರ ಎದುರಿಗೇ ಹೇಳಿದ್ದಾರೆ, "ಇದೊಂದು ಬೆಳೆ ನೋಡ್ತೀನಿ ಅತ್ಗೆ. ಇದೂ ಹೋಯ್ತು ಅಂದ್ರೆ ನಿನ್ ಕೈಲಿ ಆಗಲ್ಲ ಅಂತ ಅರ್ಥ. ತೋಟ ಗೋದಾಮಿಗೆ ಬುಟ್ಟು ಸುಮ್ಕೆ ಕೂತ್ಕೊ." ದೊಡ್ಡವ್ವ ಸುಮ್ಮನೆ ಕೂತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ತೋಟ ಹೋದರೆ ಅವಳು ಏನಾಗುತ್ತಾಳೆ ಎಂದು ಅಪ್ಪ ಯೋಚಿಸಿದ್ದಾರೆಯೇ?

ಹುಳು ಸಾಕುವ ಮನೆಯ ಬಾಗಿಲಲ್ಲೇ ನನ್ನನ್ನು ತಡೆದಳು.

"ಅಲ್ಲೇ ನಿಂತ್ಕೊ ಮಗ. ಬಸ್ಸಲ್ಲಿ ಯಾರ್ಯಾರ್ನೋ ತಾಗಿಸ್ಕೊಂಡು ಬಂದಿದೀಯ. ತಲೆಗೆ ಬೇರೆ ಅದೇನೋ ವಾಸ್ನೆ ಎಣ್ಣೆ."

"ಎಷ್ಟು ಮೊಟ್ಟೆ ದೊಡ್ಡವ್ವ ಈ ಸಲ?"

ಅವಳು ಬೀದಿಯ ಆ ಕಡೆ ಈ ಕಡೆ ನೋಡಿದಳು. "ಐವತ್ತು ಕಣವ್ವ. ಒಬ್ಳೇ ಹೆಂಗ್ಸು, ಇನ್ನೆಷ್ಟು ಸಾಕ್ಲಿ?"

ಹೇಳಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು, ದೃಷ್ಟಿಗೆ. ಮೌಢ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಕದ ಹಾಕಿದಳು.

ಸೆಂಟರಿಗೆ ಹೋಗಿ 'ಹುಳುಮನೆ'ಗೆ ಹೆಸರು ನೋಂದಾಯಿಸಿದೆ. ಸುಳ್ಳು ಹೆಸರು, ಸುಳ್ಳು ಊರು. ಮೊಟ್ಟೆ ಎಷ್ಟು ಎಂದಲ್ಲಿ ಮೂವತ್ತು ಎಂದು ಹಾಕಿದೆ. ಗುರುತಿಲ್ಲದವರಿಗೆ ನಮ್ಮ ಮನೆಯ ಲೆಕ್ಕ ಯಾಕೆ ಕೊಡಬೇಕು?

ಡಿಸೆಂಬರ್ ೭

ಸಿಕ್ಕಿತು. ನನ್ನ ಅನುಮಾನ ಸುಳ್ಳಲ್ಲ.

ಮಧ್ಯಾಹ್ನ ಖಾಸಿಂ ಅಣ್ಣನ ಭಾವಮೈದುನ ಹಬೀಬ್ ಬಂದಿದ್ದರು. ಅವರದು ರೇಷ್ಮೆ ನೂಲು ತೆಗೆಯುವ ಫಿಲೇಚರ್. ನಾನು ತಂತ್ರಾಂಶದಲ್ಲಿ ಮೂಲೆಮೂಲೆ ಒತ್ತಿ ನೋಡುತ್ತಿದ್ದಾಗ ಒಂದು ಪುಟ ತೆರೆಯಿತು. ಯಾವ ತಾಲ್ಲೂಕಿನಲ್ಲಿ ಎಷ್ಟು ಹುಳು ಇದೆ, ಯಾವ ದಿನ ಗೂಡಾಗುತ್ತದೆ, ಎಲ್ಲವೂ ಅದರಲ್ಲಿತ್ತು. ಹಬೀಬ್ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಇದು ಯಾರು ಮಾಡಿರೋದಮ್ಮಾ? ಭೇಷ್. ಯಾವತ್ತು ಮಾರ್ಕೆಟ್‌ಗೆ ಗೂಡು ಜಾಸ್ತಿ ಬತ್ತದೆ ಅಂತ ಮೊದಲೇ ಗೊತ್ತಾದ್ರೆ ನಾವು ಅವತ್ತೇ ಹೋಗ್ತೀವಿ. ಮಿಕ್ಕಿದ ದಿನ ಮನೇಲಿ ಮಲಗ್ತೀವಿ."

"ಜಾಸ್ತಿ ಬಂದ ದಿನ ರೇಟು ಬೀಳುತ್ತಲ್ವಾ ಅಂಕಲ್?"

"ಅದಕ್ಕೇ ಅಲ್ವೇನಮ್ಮಾ ಹೋಗೋದು," ಎಂದು ನಕ್ಕರು. ಅವರು ಕೆಟ್ಟವರಲ್ಲ. ಹೊಟ್ಟೆಪಾಡು. ಆದರೆ ನನ್ನ ಮೈ ಉರಿಯಿತು.

ಒಂಬತ್ತು ಪ್ಯಾರಾ ಬರೆಯಲು ಕೂತೆ. ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿತು. ಐದು ನಿಮಿಷ ಇತ್ತು. ಹಾಗಾಗಿ ಇಷ್ಟೇ ಹಾಕಿದೆ: 'ಮುಖಪುಟದ ಕೆಳಗಿನ ಮೂರನೇ ಕೊಂಡಿ ಒತ್ತಿದರೆ ತಾಲ್ಲೂಕಿನ ಮೊತ್ತ ಕಾಣುತ್ತದೆ. ಲಾಗಿನ್ ಆಗದವರಿಗೂ ಕಾಣುತ್ತದೆ. ಇಂದು ಒಬ್ಬ ಕೊಳ್ಳುವವರು ನನ್ನ ಪಕ್ಕದಲ್ಲೇ ನಿಂತು ನೋಡಿ ಸಂತೋಷಪಟ್ಟರು. ಮಾರುವವರಿಗೆ ಇದರಿಂದ ನಷ್ಟ.'

ಒಂದು ಘೋಷಣೆಯನ್ನೂ ಹಾಕಲಾಗಲಿಲ್ಲ. ಬೇಸರವಾಗಿದೆ.

ಡಿಸೆಂಬರ್ ೮

ಆ ಪುಟವನ್ನು ತೆಗೆದೇಬಿಟ್ಟಿದ್ದಾರೆ. ಚೈತನ್ಯ ಬರೆದಿದ್ದಾನೆ: 'ನಾವು ಮೂವರೂ ಗೂಡಿನ ಮಾರುಕಟ್ಟೆಯನ್ನು ಒಳಗಿನಿಂದ ನೋಡಿದವರಲ್ಲ. ಇದು ನಮಗೆ ಹೊಳೆದಿರಲೇ ಇಲ್ಲ. ಧನ್ಯವಾದ.' ಮನೋಹರ್ ಕೂಡ 'ಕಿಡಿ ಸಾರ್, ಇದು ಅಭಿಪ್ರಾಯ ಅಂದರೆ' ಎಂದು ಹಾಕಿದ್ದಾನೆ.

ಇಷ್ಟು ಬೇಗ ಒಪ್ಪಿಕೊಂಡರೆಂದರೆ ಇದಕ್ಕಿಂತ ದೊಡ್ಡದೇನೋ ಬಚ್ಚಿಟ್ಟಿದ್ದಾರೆ. ಹುಡುಕಬೇಕು.

ಡಿಸೆಂಬರ್ ೧೨

ಹುಡುಕುತ್ತಿದ್ದೇನೆ. ದೊಡ್ಡದೇನೂ ಸಿಕ್ಕಿಲ್ಲ. ಚಿಕ್ಕವು ಸಿಕ್ಕಿವೆ. ಹುಳು ಜ್ವರಕ್ಕೆ ಮಲಗಿದ್ದಾಗಲೂ 'ಸೊಪ್ಪು ಹಾಕಿ' ಎನ್ನುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ ಸೊಪ್ಪು ಹಾಕಿದರೆ ಎದ್ದವು ತಿಂದು ಬೆಳೆಯುತ್ತವೆ, ಏಳದವು ಹಿಂದೆ ಬೀಳುತ್ತವೆ. ಚಳಿಗೆ ಜ್ವರ ಒಂದು ಹೊತ್ತು ಹೆಚ್ಚೇ ಹಿಡಿಯುತ್ತದೆ ಎಂದು ದೊಡ್ಡವ್ವ ಬಾಗಿಲ ಸಂದಿಯಿಂದ ಹೇಳಿದ್ದನ್ನು ಹಾಗೇ ಬರೆದು ಹಾಕಿದೆ. ಸಂದೇಶ ಮನೆಯ ಗಂಡಸಿನ ಮೊಬೈಲಿಗೆ ಹೋಗುತ್ತದೆ, ಅವನು ಟೌನಿನಲ್ಲಿರುತ್ತಾನೆ, ಸೊಪ್ಪು ಹಾಕುವವಳು ಹೆಂಗಸು ಎಂಬುದನ್ನೂ ಬರೆದೆ. ಎರಡನ್ನೂ ಅವರು ಪಟ್ಟಿಗೆ ಸೇರಿಸಿಕೊಂಡರು.

ಡಿಸೆಂಬರ್ ೧೫

ದೊಡ್ಡವ್ವ ಕೂಗಿದಳು. ಹುಳು ನಾಲ್ಕನೇ ಜ್ವರ ಎದ್ದಿದೆ, ಒಂದೂ ಕಾಯಿಲೆ ಬಿದ್ದಿಲ್ಲ. ಮುಖದಲ್ಲಿ ನಗು ಇತ್ತು, ತಕ್ಷಣ ನುಂಗಿಕೊಂಡಳು.

"ಚಂದ್ರಿಕೆ ಬಾಡಿಗೆಗೆ ಹಿಡಿಯೋ ಕೆಲ್ಸ ನಿಂದು ಮಗ. ನಿಮ್ ದೊಡ್ಡಪ್ಪ ಇದ್ದಾಗ ಅವ್ರೇ ತತ್ತಿದ್ರು. ನಂಗೆ ಸೊಪ್ಪು ಬುಟ್ಟು ಆಚೆ ಬರಕ್ಕಾಗಲ್ಲ. ಹುಳ ಹಣ್ಣಾದ್ಮೇಲೆ ಕಾಯಲ್ಲ, ನೆಪ್ಪಿರ್ಲಿ."

"ಎಷ್ಟು ಬೇಕು?"

"ಐವತ್ತು ಮೊಟ್ಟೆಗೆ ಎಷ್ಟೋ ಅಷ್ಟು. ನೀನೇ ನೋಡ್ಕೊ."

ನನಗೊಂದು ಜವಾಬ್ದಾರಿ ಕೊಟ್ಟಳು. ಅಪ್ಪನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ಸೆಂಟರಿಗೆ ಹೋಗಿ ಮೂವತ್ತು ಇದ್ದದ್ದನ್ನು ಐವತ್ತು ಎಂದು ತಿದ್ದಿದೆ. ಈಗ ಆ ಪುಟ ಇಲ್ಲವಾದ್ದರಿಂದ ನಿಜ ಹೇಳಲು ಅಡ್ಡಿಯಿಲ್ಲ. ಉತ್ತರ ಬಂತು: ಇಪ್ಪತ್ನಾಲ್ಕು ಚಂದ್ರಿಕೆ. ಹಣ್ಣಾಗುವುದು ಇಪ್ಪತ್ತೊಂದು ಅಥವಾ ಇಪ್ಪತ್ತೆರಡಕ್ಕೆ. ವಿಜ್ಞಾನದ ಲೆಕ್ಕ. ನಂಬಬಹುದೆಂದು ಅನಿಸುತ್ತಿದೆ. ಅವರನ್ನಲ್ಲ, ಲೆಕ್ಕವನ್ನು.

ಡಿಸೆಂಬರ್ ೧೮

ಪಕ್ಕದ ಹಳ್ಳಿಯ ಮುನಿರಾಮಯ್ಯನ ಬಳಿ ಚಂದ್ರಿಕೆ ಮಾತಾಡಲು ಹೋಗಿದ್ದೆ. ಬಿಸಿಲಿಗೆ ಸಾಲಾಗಿ ನಿಲ್ಲಿಸಿದ್ದರು.

"ಎಷ್ಟು ಮೊಟ್ಟೆ ನಿಮ್ ದೊಡ್ಡವ್ವಂದು?"

"ಐವತ್ತು."

"ಓಹೋ. ಐವತ್ತಾ?" ಮೀಸೆಯೊಳಗೇ ನಕ್ಕರು. "ಹಂಗಾದ್ರೆ ಒಂದ್ ಐವತ್ತು ಚಂದ್ರಿಕೆ ಹಾಕ್ಲಾ ಗಾಡಿಗೆ?"

"ಇಪ್ಪತ್ನಾಲ್ಕು ಸಾಕು. ಬೇಕಾದರೆ ಎರಡು ಜಾಸ್ತಿ ಹಾಕಿ."

"ಇಪ್ಪತ್ತಾರು? ನಿಮ್ ದೊಡ್ಡವ್ವನೇ ಅಂದ್ಲಾ?"

"ನಾನು ಹೇಳ್ತಿದೀನಿ."

"ಓದಿರೋ ಮಗ, ನೀನೇ ಹೇಳೋವಾಗ ಇನ್ನೇನು. ಮಿಕ್ಕಿದ್ನ ಕೂಡ್ಲೂರಿನವ್ರು ಕೇಳವ್ರೆ, ಕೊಟ್ಬುಡ್ತೀನಿ."

ಬಾಡಿಗೆ ಹೆಚ್ಚಿಸಲು ನೋಡಿದರು. ಹೆಣ್ಣುಮಗಳು ಬಂದಿದ್ದಾಳೆ, ಲೆಕ್ಕ ಗೊತ್ತಿರುವುದಿಲ್ಲ ಎಂಬ ಎಣಿಕೆ. ನಾನು ಬಗ್ಗಲಿಲ್ಲ.

ಸಂಜೆ ಅಶ್ವಥ್ ಬೈಕು ಮತ್ತೆ. ಅಪ್ಪ ಅವನ ಜೊತೆ ತೋಟದ ಬದುವಿನ ಮೇಲೆ ನಿಂತು ನಮ್ಮ ಸೊಪ್ಪಿನ ಹೊರೆಗಳನ್ನೇ ನೋಡುತ್ತಿದ್ದರು. ಬೆಳೆ ಹಾಳಾಗಲೆಂದು ಕಾಯುತ್ತಿದ್ದಾರೆ, ಇಬ್ಬರೂ.

ಡಿಸೆಂಬರ್ ೨೧

ಕೈಯೆಲ್ಲ ಅಂಟು. ಆದರೂ ಬರೆಯುತ್ತೇನೆ.

ಬೆಳಗ್ಗೆ ಏಳಕ್ಕೇ ದೊಡ್ಡವ್ವ ಕೂಗಿದಳು. ಹುಳು ಹಣ್ಣಾಗಿತ್ತು. ತಂತ್ರಾಂಶ ಹೇಳಿದ ದಿನವೇ. ಮೊದಲ ಸಲ ನನ್ನನ್ನು ಒಳಗೆ ಬಿಟ್ಟಳು, ಕಾಲಿಗೆ ಸುಣ್ಣದ ಪುಡಿ ಮೆಟ್ಟಿಸಿ. ಒಳಗೆ ಹೋದವಳು ನಿಂತುಬಿಟ್ಟೆ. ಅಟ್ಟಣಿಗೆಗಳು ಸೂರಿನವರೆಗೆ ತುಂಬಿದ್ದವು. ಎಲ್ಲಿ ನೋಡಿದರೂ ಜೇನಿನ ಬಣ್ಣಕ್ಕೆ ತಿರುಗಿದ ಹುಳು, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಇದು ಐವತ್ತು ಮೊಟ್ಟೆಯ ಹುಳುವಲ್ಲ ಎಂದು ನನಗೂ ಗೊತ್ತಾಯಿತು.

ಹೊರಗೆ ಮುನಿರಾಮಯ್ಯನ ಗಾಡಿ ಬಂದಿತ್ತು. ದೊಡ್ಡವ್ವ ಹೋಗಿ ನೋಡಿದಳು.

"ಮಿಕ್ಕ ಚಂದ್ರಿಕೆ ಎಲ್ಲಿ ಮಗ? ಇನ್ನೊಂದ್ ಗಾಡಿ ಬತ್ತದಾ?"

"ಇಷ್ಟೇ ದೊಡ್ಡವ್ವ. ಐವತ್ತು ಮೊಟ್ಟೆಗೆ ಇಪ್ಪತ್ನಾಲ್ಕು. ಎರಡು ಜಾಸ್ತೀನೇ ತರಿಸಿದೀನಿ."

"ಐವತ್ತು ಅಂದ್ರೆ ಐವತ್ತೇ ಏನವ್ವ?" ದನಿ ಸಣ್ಣದಾಯಿತು. "ಇರೋದ್ನ ಇದ್ದಂಗೆ ಬಾಯಿಬಿಟ್ಟು ಯಾರಾದ್ರೂ ಆಡ್ತಾರಾ? ಅರ್ಧ ಹೇಳೋದು, ಕೇಳ್ದೋರು ಸೇರಿಸ್ಕೊಳೋದು. ಮುನಿರಾಮಯ್ಯಂಗೆ ಗೊತ್ತಾಗಲ್ವಾ?"

ಗೊತ್ತಾಗಿತ್ತು. ಐವತ್ತು ಹಾಕಲಾ ಎಂದು ಕೇಳಿದ್ದರು. ನಾನು ಅವರನ್ನು ಕಳ್ಳ ಅಂದುಕೊಂಡಿದ್ದೆ.

"ನೂರಾ?"

"ಮೆಲ್ಲುಕ್ ಮಾತಾಡು."

ಇಪ್ಪತ್ತಾರೂ ಎರಡು ಗಂಟೆಯೊಳಗೆ ತುಂಬಿದವು. ಜಾಗ ಸಿಗದ ಹುಳು ತಟ್ಟೆಯ ಅಂಚಿನಲ್ಲಿ, ಸೊಪ್ಪಿನ ಕಡ್ಡಿಗಳ ನಡುವೆ, ಒಂದರ ಮೇಲೊಂದು ಬಿದ್ದು ನೂಲು ಬಿಡತೊಡಗಿದವು. ಮುನಿರಾಮಯ್ಯನ ಮಿಕ್ಕ ಚಂದ್ರಿಕೆ ಆಗಲೇ ಕೂಡ್ಲೂರಿಗೆ ಹೋಗಿದ್ದವು. ಇನ್ನು ಉಳಿದದ್ದು ನಮ್ಮ ಮನೆಯ ಅಟ್ಟ. ಅಪ್ಪ ಹುಳು ಸಾಕುವುದು ಬಿಟ್ಟ ಮೇಲೆ ಅವರ ಚಂದ್ರಿಕೆಗಳು ಅಲ್ಲೇ ಇವೆ. ಕೊಡುವುದಿಲ್ಲ ಎಂದು ಖಚಿತವಾಗಿತ್ತು. ಬೆಳೆ ಹೋದರೆ ತೋಟ ಗೋದಾಮಿಗೆ. ಓಡುತ್ತಾ ಹೋಗುವಾಗ ಏನೇನು ಹೇಳಬೇಕೆಂದು ಎಲ್ಲ ಜೋಡಿಸಿಕೊಂಡೆ.

ಅಪ್ಪ ಜಗಲಿಯ ಮೇಲೆ ಗಡ್ಡ ಕೆರೆದುಕೊಳ್ಳುತ್ತಿದ್ದರು. ಅರ್ಧ ಮುಖದಲ್ಲಿ ಸೋಪು.

"ಏನವ್ವ, ಭಾಷಣಕ್ಕೆ ಬಂದ್ಯಾ?"

ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ಚಂದ್ರಿಕೆ ಕಮ್ಮಿ ಆಗಿದೆ," ಎಂದೆ.

"ಎಷ್ಟು?"

"ಅರ್ಧ."

"ಅನ್ಕಂಡೆ. ಐವತ್ತು ಮೊಟ್ಟೆಗೆ ಈಪಾಟಿ ಹೊರೆ ಸೊಪ್ಪು ಯಾವ್ಳು ಕುಯ್ತಾಳೆ? ಅತ್ಗೆ ತೋಟ ಬೋಳಾಗೋದ್ನ ನಾನು ದಿನಾ ನೋಡ್ತಾ ಇವ್ನಿ."

"ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳ್ದ್ಯಾ? ಮೂರ್ ವರ್ಸದಿಂದ ಈ ಮನೇಲಿ ನೀನು ಹೇಳೋದು, ನಾವು ಕೇಳೋದು." ಸೋಪು ಒರೆಸಿಕೊಂಡು ಏಣಿ ಹಾಕಿದರು. "ಹತ್ತು ಮೇಲಕ್ಕೆ. ಇಲಿ ಕಡಿದಿರೋದ್ನ ಬುಟ್ಟು ಮಿಕ್ಕಿದ್ನ ಇಳ್ಸು. ಬೆಳೆ ಆದ್ಮೇಲೆ ತೋಟದ ಮಾತು ಐತೆ, ಅದ್ನ ಮರೀಬ್ಯಾಡ."

ಒಂದೊಂದನ್ನೂ ತಿರುಗಿಸಿ ನೋಡಿ ಇಳಿಸಿದೆ, ಎಣ್ಣೆಯೋ ಔಷಧಿಯೋ ಏನಾದರೂ ಸವರಿದ್ದಾರೆಯೇ ಎಂದು. ಏನೂ ಇರಲಿಲ್ಲ. ಹನ್ನೊಂದು ಗಂಟೆಗೆ ಎಲ್ಲ ಹುಳುವಿಗೂ ಜಾಗ ಸಿಕ್ಕಿತು. ಅಷ್ಟು ಹೊತ್ತಿನಲ್ಲಿ ಎಷ್ಟು ಕೆಟ್ಟಿತೋ ಗೂಡು ಬಿಡಿಸಿದಾಗ ತಿಳಿಯುತ್ತದೆ.

ದೊಡ್ಡವ್ವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ ೨೨

'ಹುಳುಮನೆ' ಬಗ್ಗೆ ಬರೆಯಲು ಕೂತೆ. ನಿಮ್ಮ ಲೆಕ್ಕ ನಂಬಿ ನಮ್ಮ ಬೆಳೆ ಹಾಳಾಯಿತು ಎಂದು ಶುರು ಮಾಡಿದೆ. ಅಳಿಸಿದೆ. ಮತ್ತೆ ಬರೆದೆ. ಅಳಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು.

ಡಿಸೆಂಬರ್ ೨೭

ರಾಮನಗರದ ಗೂಡಿನ ಮಾರುಕಟ್ಟೆ. ದೊಡ್ಡವ್ವ, ನಾನು. ಅಪ್ಪನೂ ಬಂದರು, ಕರೆದಿರಲಿಲ್ಲ. ಒಳ್ಳೆಯ ಗೂಡನ್ನು ಒಂದು ಲಾಟು, ಕಲೆ ಬಿದ್ದದ್ದು ಮತ್ತು ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡನ್ನು ಇನ್ನೊಂದು ಲಾಟು ಮಾಡಿದೆವು. ನಾಲ್ಕರಲ್ಲಿ ಒಂದು ಪಾಲು ಆ ಎರಡನೆಯದಕ್ಕೆ ಹೋಗಿತ್ತು. ಒಳ್ಳೆಯದಕ್ಕೆ ಹರಾಜಿನ ಕೂಗಾಟ ಜೋರಾಗಿಯೇ ನಡೆಯಿತು. ಎರಡನೆಯದರ ಮುಂದೆ ಯಾರೂ ನಿಲ್ಲಲಿಲ್ಲ.

"ನೋಡು," ಎಂದರು ಅಪ್ಪ. "ಮತ್ತೆ ಹೋಯ್ತು."

ಹಬೀಬ್ ಅಲ್ಲಿದ್ದರು. ನನ್ನ ಗುರುತು ಹಿಡಿದು ಬಂದರು. ಕಲೆ ಬಿದ್ದ ಒಂದು ಗೂಡನ್ನು ಬ್ಲೇಡಿನಿಂದ ಸೀಳಿ ಒಳಗಿನ ಹುಳುವನ್ನು ಅಂಗೈ ಮೇಲೆ ಉರುಳಿಸಿದರು. ಅದು ಮಿಸುಕಿತು.

"ರೋಗ ಇಲ್ಲಮ್ಮಾ ಇದರಲ್ಲಿ. ಸಾಕಿರೋರು ಚೆನ್ನಾಗೇ ಸಾಕವ್ರೆ. ಮಲಗೋಕೆ ಜಾಗ ಸಾಲ್ದೆ ಒಂದರ ಮೇಲೊಂದು ಕಟ್ಟಿವೆ, ಅಷ್ಟೇಯ." ಕಮ್ಮಿಯೇ ಕೂಗಿದರು, ಆದರೆ ತೆಗೆದುಕೊಂಡರು.

ಅವರು ಲಾಭವಿಲ್ಲದೆ ಯಾಕೆ ಒಳ್ಳೆಯ ಮಾತಾಡಿದರು ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಚನ್ನಪಟ್ಟಣ ಬಂದರೂ ಕಾರಣ ಸಿಗಲಿಲ್ಲ.

ಡಿಸೆಂಬರ್ ೨೯

ಕೊನೆಗೂ 'ತಂತ್ರಜಗಲಿ'ಗೆ ಬರೆದೆ. ಇಲ್ಲೂ ನಕಲು ಮಾಡಿಡುತ್ತೇನೆ.

'ಏನು ಮಾಡಿದೆ: ಮನೆಯವರು ಹೇಳಿದ ಮೊಟ್ಟೆಯ ಸಂಖ್ಯೆಯನ್ನು ತುಂಬಿದೆ. ಏನಾಯಿತು: ಬೇಕಾದುದರ ಅರ್ಧದಷ್ಟು ಚಂದ್ರಿಕೆ ತೋರಿಸಿತು, ಬೆಳೆಯ ಕಾಲು ಭಾಗ ಕೆಟ್ಟಿತು. ಲೆಕ್ಕದಲ್ಲಿ ತಪ್ಪಿಲ್ಲ, ಪ್ರಶ್ನೆಯಲ್ಲಿ ತಪ್ಪಿದೆ. ನಮ್ಮ ಕಡೆ ಹುಳು ಸಾಕುವವರು ದೃಷ್ಟಿಯಾದೀತೆಂದು ಮೊಟ್ಟೆಯ ಸಂಖ್ಯೆಯನ್ನು ಅರ್ಧವೇ ಹೇಳುತ್ತಾರೆ. ಕೇಳುವವರು ಸೇರಿಸಿಕೊಳ್ಳುತ್ತಾರೆ. ನಿಮ್ಮ ಯಂತ್ರ ಸೇರಿಸಿಕೊಳ್ಳುವುದಿಲ್ಲ. ನೀವೇ ಎರಡರಿಂದ ಗುಣಿಸಬೇಡಿ, ನಿಜ ಹೇಳುವವರಿಗೆ ತೊಂದರೆ. ಮೊಟ್ಟೆ ಎಷ್ಟು ಎಂದು ಕೇಳಬೇಡಿ. ನಾಲ್ಕನೇ ಜ್ವರ ಎದ್ದ ಮೇಲೆ, ನಿನ್ನೆ ಎಷ್ಟು ಹೊರೆ ಸೊಪ್ಪು ಕೊಯ್ದಿರಿ ಎಂದು ಕೇಳಿ. ಅದನ್ನು ಯಾರೂ ಮುಚ್ಚಿಡುವುದಿಲ್ಲ, ಬೆನ್ನು ನೋಯುತ್ತಿರುತ್ತದೆ. ಅದರಿಂದ ಚಂದ್ರಿಕೆಯ ಲೆಕ್ಕ ಹಾಕಿ.'

ಎರಡು ಗಂಟೆಯೊಳಗೆ ಚೈತನ್ಯನ ಉತ್ತರ. ಮೂವರೂ ಕೂತು ಓದಿದರಂತೆ. ಮುಂದಿನ ಆವೃತ್ತಿಯಲ್ಲಿ ಸೊಪ್ಪಿನ ಪ್ರಶ್ನೆಯೇ ಇರುತ್ತದಂತೆ. 'ನಿಮ್ಮ ಬೆಳೆಗೆ ಆದದ್ದಕ್ಕೆ ನಮಗೂ ಬೇಸರವಾಗಿದೆ' ಎಂದಿದ್ದಾನೆ. ಕೊನೆಗೆ: 'ಒಂದು ಅನುಮಾನ. ನಿಮ್ಮ ಖಾತೆಯಲ್ಲಿ ಮೊದಲು ಮೂವತ್ತು ಎಂದಿತ್ತು, ಆಮೇಲೆ ಐವತ್ತಾಯಿತು. ಮೂವತ್ತು ಕೂಡ ದೃಷ್ಟಿಗೋ?'

ಅದು ಬೇರೆ ವಿಷಯ ಎಂದು ಬರೆದೆ. ಅದು ಬೇರೆಯೇ.

ಖಾಸಿಂ ಅಣ್ಣ ಹೇಳಿದರು, "ಇವತ್ತು ಕೀಬೋರ್ಡ್ ಸದ್ದೇ ಬರ್ಲಿಲ್ಲ. ಹುಷಾರಿಲ್ವಾ?"

ಜನವರಿ ೨, ೨೦೦೮

ತೋಟದ ಮಾತಿಗೆ ಅಪ್ಪ ಬೆಳಗ್ಗೆಯೇ ಅಶ್ವಥ್‌ನನ್ನು ಕರೆಸಿದ್ದರು. ದೊಡ್ಡವ್ವ ಬಂದಿರಲಿಲ್ಲ. ನಾನೇ ಜಗಲಿಯ ಮೇಲೆ ಎದುರಿಗೆ ಕೂತೆ.

"ಏನಮ್ಮಾ, ಕಂಪ್ಯೂಟರ್ ಏನಂತದೆ?" ಎಂದ ಅಶ್ವಥ್. "ಕಾಲು ಬೆಳೆ ಅದ್ರೊಳಕ್ಕೇ ಹೋಯ್ತಂತೆ?"

"ಹೌದು. ಅದು ನನ್ನ ತಪ್ಪು," ಎಂದೆ. "ಅಪ್ಪ, ನೀವು ಹೇಳಿದ್ದು ಏನು? ದೊಡ್ಡವ್ವನ ಕೈಲಿ ಸಾಕೋಕಾಗಲ್ಲ ಅಂತ. ಹುಳು ಒಂದೂ ಕಾಯಿಲೆ ಬೀಳಲಿಲ್ಲ. ಗೂಡು ಸೀಳಿ ತೋರಿಸಿದ್ದನ್ನ ನೀವೇ ನೋಡಿದಿರಿ. ಕೆಟ್ಟಿದ್ದು ಆ ಎರಡು ಮೂರು ಗಂಟೆಯಲ್ಲಿ, ಚಂದ್ರಿಕೆ ಇಲ್ಲದೆ. ಚಂದ್ರಿಕೆ ತರೋ ಕೆಲಸ ನನ್ನದಾಗಿತ್ತು. ಮುಂದಿನ ಸಲ ನಮ್ಮ ಅಟ್ಟದ್ದೇ ಮೊದಲು ಇಳಿಸ್ತೀವಿ. ಹಾಗಿದ್ದ ಮೇಲೆ ಅವಳ ಕೈಲಿ ಆಗಲ್ಲ ಅನ್ನೋದ್ಯಾಕೆ?"

ಅಪ್ಪ ಬೀಡಿ ಹಚ್ಚಿದರು.

ಆಮೇಲೆ ಅಶ್ವಥ್‌ನನ್ನು ಕೇಳಿದೆ. ಗೋದಾಮು ಎಷ್ಟು ವರ್ಷಕ್ಕೆ? ಮಧ್ಯದಲ್ಲಿ ಬಿಟ್ಟು ಹೋದರೆ ಸಿಮೆಂಟು ಕೀಳುವವರು ಯಾರು? ಕಿತ್ತ ಮೇಲೆ ಆ ಮಣ್ಣಿನಲ್ಲಿ ಗಿಡ ಬರುತ್ತದೆಯೇ? ಬೋರ್‌ವೆಲ್ ಯಾರ ಪಾಲಿಗೆ?

"ಅದೆಲ್ಲ ಮೇಲಿನೋರ್ನ ಕೇಳಿ ಹೇಳ್ಬೇಕು," ಎಂದ.

"ಕೇಳಿ. ಕಾಯ್ತೀವಿ."

ಇನ್ನೂ ಹೇಳಬೇಕಾದ್ದು ಬಹಳ ಇತ್ತು. ಹಳ್ಳಿ ನುಂಗುವ ಕಾರ್ಖಾನೆ ಕುರಿತು ಒಂದು ಇಡೀ ಪುಟ ಬಾಯಿಪಾಠವಿದೆ. ಯಾಕೋ ನೆನಪಾಗಲಿಲ್ಲ.

ಅಪ್ಪ ಬೀಡಿ ಮುಗಿಸಿ, "ಇನ್ನೊಂದ್ ಬೆಳೆ ನೋಡಾನ ಬುಡು ಅಶ್ವಥ," ಎಂದರು. "ಎಲ್ಲಿ ಅತ್ಗೆ? ಅವ್ಳಿಗೂ ಹೇಳ್ಬೇಕಲ್ಲ."

ಅಷ್ಟರಲ್ಲಿ ದೊಡ್ಡವ್ವ ತೋಟದ ಕಡೆಯಿಂದ ಬಂದಳು. ಸೀರೆ ಎತ್ತಿ ಕಟ್ಟಿದ್ದಳು. ಕೈಯಲ್ಲಿ ಕುಡುಗೋಲು, ಮೈಯೆಲ್ಲ ಗಿಡದ ಹಾಲು. ಅಶ್ವಥ್‌ನ ಕಡೆ ನೋಡದೆ ಅಪ್ಪನಿಗೆ ಹೇಳಿದಳು.

"ಬೋರಲಿಂಗ, ತೋಟಾನೆಲ್ಲ ಬುಡಕ್ಕೆ ಕುಯ್ದಾಯ್ತು. ಮೂರು ಆಳು ಮಾಡಿದ್ದೆ. ತ್ರೀಫೇಸ್ ಬಂದೈತೆ, ಎದ್ದು ಮೋಟ್ರು ಹಾಕು. ಇವತ್ತು ನೀರು ಕುಡಿದ್ರೆ ವಾರದಲ್ಲಿ ಚಿಗುರ್ತದೆ."

"ಮಾತು ಮುಗೀಲಿ ಅಂತ ಕಾಯಕ್ಕಾಗಲಿಲ್ವಾ ಅತ್ಗೆ?"

"ನಿಮ್ ಮಾತಿಗೆ ಗಿಡ ಕಾಯ್ತದಾ? ಏಳು, ಕರೆಂಟು ಹೋದೀತು."

ಕೊಯ್ದ ತೋಟದ ಬುಡದಲ್ಲಿ ಹೊಸ ಬೆಳೆ ಶುರುವಾಗಿಬಿಟ್ಟಿತ್ತು. ಅಪ್ಪ ಒಪ್ಪುವ ಮೊದಲೇ ಅವಳು ಕುಡುಗೋಲು ಹಿಡಿದು ಹೋಗಿದ್ದಳು. ಅಪ್ಪ ಗೊಣಗಿಕೊಂಡು ಚಪ್ಪಲಿ ಮೆಟ್ಟಿದರು. ಅಶ್ವಥ್ ಬೈಕಿಗೆ ಒದ್ದ.

ನಾನು ಅಪ್ಪನ ಹಿಂದೆಯೇ ಹೋದೆ. ಅವರೊಬ್ಬರನ್ನೇ ಬಿಡಲು ಮನಸ್ಸಾಗಲಿಲ್ಲ, ಒಂದೆರಡು ಸಾಲು ಒಣಗಿಸಿ ಆಮೇಲೆ ಚಿಗುರಲಿಲ್ಲ ಎಂದರೆ? ಮೋಟಾರು ಹಾಕಿ ಗುದ್ದಲಿ ಹಿಡಿದು ಒಂದೊಂದೇ ಕಾಲುವೆ ತಿರುಗಿಸಿದರು. ಒಂದು ಕಡೆ ಕಟ್ಟೆ ಒಡೆಯಿತು, ಬಗ್ಗಿ ಮಣ್ಣು ಕೊಟ್ಟು ಕಾಲಿಂದ ಒತ್ತಿದರು. ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಕೊನೆಯ ಸಾಲಿಗೆ ನೀರು ಮುಟ್ಟುವವರೆಗೂ ಕದಲಲಿಲ್ಲ. ಮುಟ್ಟಿತು.